ಮೆಚ್ನಿಕಾಫ್ ಕಂಡ ಕಾವಲು

ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ 1845ರಲ್ಲಿ, ಇಂದು ಉಕ್ರೇನಿನಲ್ಲಿರುವ ಖಾರ್ಕೊವ್ ಸೀಮೆಯಲ್ಲಿ ಜನಿಸಿದನು. 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಅವನು ನಕ್ಷತ್ರಮೀನಿನ ಡಿಂಭಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತಿದ್ದನು. ಹೆಸರಿಗೆ ಮೀನಾದರೂ ಇದು ಮೀನಲ್ಲ. ಇದರ ಡಿಂಭ ಗಾಜಿನಂತೆ ಪಾರದರ್ಶಕ. ಅದರೊಳಗೆ ಅಲೆಯುವ ಜೀವಕೋಶಗಳು ದೇಹದ ಕಾವಲಿಗಾಗಿಯೇ ಇರಬಹುದೆಂದು ಅವನಿಗೆ ಹೊಳೆಯಿತು. ತೋಟದಿಂದ ಮುಳ್ಳುಗಳನ್ನು ತಂದು ಡಿಂಭಗಳಿಗೆ ಚುಚ್ಚಿದನು. ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಜೀವಕೋಶಗಳು ಮುಳ್ಳುಗಳನ್ನು ಮುತ್ತಿಕೊಂಡಿದ್ದವು!

ಮುಂದೆ, ನೀರುಚಿಗಟದ ದೇಹವನ್ನು ಹೊಕ್ಕ ಶಿಲೀಂಧ್ರದ ಬೀಜಕಗಳನ್ನು ಇಂಥವೇ ಕೋಶಗಳು ನುಂಗಿ ಜೀರ್ಣಿಸುವುದನ್ನು ಕಂಡನು. ಕೋಶಗಳು ಸೋತಲ್ಲಿ ಪ್ರಾಣಿಯೇ ಸಾಯುತ್ತಿತ್ತು. ರೋಗಾಣುಗಳನ್ನು ಕೊಲ್ಲುವುದು ಕೋಶಗಳಲ್ಲ, ರಕ್ತದ್ರವವೇ ಎಂದು ಹಲವು ಜರ್ಮನ್ ವಿದ್ವಾಂಸರು ಅವನನ್ನು ಖಂಡಿಸಿದರು. ದೇಹಕ್ಕೆ ಎರಡೂ ಬೇಕೆಂಬುದು ಕ್ರಮೇಣ ತಿಳಿಯಿತು. 1908ರ ನೊಬೆಲ್ ಪಾರಿತೋಷಕವನ್ನು ಅವನು, ರಕ್ತದ್ರವದ ಪಕ್ಷದವನಾದ ಪಾಲ್ ಎರ್ಲಿಖ್‌ನೊಡನೆ ಹಂಚಿಕೊಂಡನು.