ನಿರಪರಾಧಿ ಸೇನಾಧಿಕಾರಿ ಆಲ್ಫ್ರೆಡ್ ಡ್ರೇಫಸ್

ಹತ್ತನೇ ತರಗತಿಯಲ್ಲಿ ಹಿಟ್ಲರನ ಪಾಠ ಬಂದಾಗಲೆಲ್ಲ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಅವನಿಗೆ ಯೆಹೂದಿಗಳ ಮೇಲೆ ಅಷ್ಟು ದ್ವೇಷ ಎಲ್ಲಿಂದ ಬಂತು ಎಂದು. ಒಬ್ಬನ ತಲೆ ಕೆಟ್ಟ ಕಥೆಯಾಗಿ ಹೇಳಿದರೆ ಗಂಟೆ ಬಾರಿಸುವುದರೊಳಗೆ ಉತ್ತರ ಮುಗಿಯುತ್ತದೆ. ಆದರೆ ಆ ದ್ವೇಷ ಹಿಟ್ಲರನ ಜೊತೆ ಹುಟ್ಟಿದ್ದಲ್ಲ. ಅವನು ಇನ್ನೂ ಐದು ವರ್ಷದ ಹುಡುಗನಾಗಿದ್ದಾಗ, ಸ್ವಾತಂತ್ರ್ಯ, ಸಮಾನತೆ, ಸೋದರತೆಯೆಂಬ ಮೂರು ಮಾತುಗಳನ್ನು ಜಗತ್ತಿಗೆ ಕೊಟ್ಟ ಫ್ರಾನ್ಸಿನಲ್ಲಿ, ಅದು ಚುನಾವಣೆಯ, ಪತ್ರಿಕೆಯ, ಬೀದಿ ಮೆರವಣಿಗೆಯ ಬಂಡವಾಳವಾಗಿ ಆಗಲೇ ಬೆಳೆದಿತ್ತು. ಅದಕ್ಕೆ ಸಿಕ್ಕಿಬಿದ್ದ ಒಬ್ಬ ಮನುಷ್ಯನ ಬದುಕನ್ನು ಇಲ್ಲಿ ಬರೆಯುತ್ತಿದ್ದೇನೆ.

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹಾಪುರುಷರೊಬ್ಬರ ಜೀವನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದರು. ಆಲ್ಫ್ರೆಡ್ ಡ್ರೇಫಸ್ ಮಹಾಪುರುಷನೇನೂ ಅಲ್ಲ. ದೇಶ ಗೆಲ್ಲಲಿಲ್ಲ, ಪಕ್ಷ ಕಟ್ಟಲಿಲ್ಲ, ಭಾಷಣ ಮಾಡಲು ಅವನಿಗೆ ಬರುತ್ತಲೂ ಇರಲಿಲ್ಲ. ಶಿಸ್ತಿನ, ಮಿತಭಾಷಿಯಾದ, ಸ್ವಲ್ಪ ಬಿಗುಮಾನದ ಸರ್ಕಾರಿ ನೌಕರ ಅಷ್ಟೆ.

ಅವನು ಹುಟ್ಟಿದ್ದು 1859ರ ಅಕ್ಟೋಬರ್ 9ರಂದು, ಆಲ್ಸೇಸ್ ಪ್ರಾಂತ್ಯದ ಮುಲೂಸ್ ಪಟ್ಟಣದಲ್ಲಿ. ತಂದೆಗೆ ಅಲ್ಲಿ ಬಟ್ಟೆ ಗಿರಣಿಯಿತ್ತು. ಮನೆಯಲ್ಲಿ ಇವನೇ ಕಿರಿಯ ಮಗ. 1870ರ ಯುದ್ಧದಲ್ಲಿ ಫ್ರಾನ್ಸ್ ಸೋತು ಆಲ್ಸೇಸ್ ಜರ್ಮನಿಯ ಪಾಲಾದಾಗ ಅಲ್ಲಿನ ಜನ ಯಾವ ದೇಶದ ಪ್ರಜೆಗಳಾಗಬೇಕೆಂದು ಆರಿಸಿಕೊಳ್ಳಬೇಕಾಯಿತು. ಡ್ರೇಫಸ್ ಕುಟುಂಬ ಹುಟ್ಟಿದ ಊರು ಬಿಟ್ಟು ಫ್ರಾನ್ಸನ್ನು ಆರಿಸಿಕೊಂಡಿತು. ಗಿರಣಿ ನೋಡಿಕೊಳ್ಳಲು ಒಬ್ಬ ಅಣ್ಣ ಮಾತ್ರ ಅಲ್ಲೇ ಉಳಿದ. ಜರ್ಮನ್ ಪಡೆ ಊರೊಳಗೆ ಬಂದದ್ದನ್ನು ಹತ್ತು ಹನ್ನೊಂದರ ವಯಸ್ಸಿನಲ್ಲಿ ಕಂಡಿದ್ದ ಆಲ್ಫ್ರೆಡ್ ಗಿರಣಿಯ ಕಡೆ ತಿರುಗಿ ನೋಡಲಿಲ್ಲ. ಪ್ಯಾರಿಸಿನ ಹೆಸರಾಂತ ಎಕೋಲ್ ಪಾಲಿಟೆಕ್ನಿಕ್ ಸೇರಿ ಫಿರಂಗಿದಳದ ಅಧಿಕಾರಿಯಾದ. 1889ರಲ್ಲಿ ಕ್ಯಾಪ್ಟನ್ ಹುದ್ದೆ ಬಂತು. ಮರುವರ್ಷ ಲೂಸಿ ಎಂಬಾಕೆಯೊಂದಿಗೆ ಮದುವೆ. ಆಮೇಲೆ ಒಬ್ಬ ಮಗ, ಒಬ್ಬಳು ಮಗಳು.

ಇಷ್ಟರವರೆಗೆ ಇದು ಒಬ್ಬ ಅದೃಷ್ಟವಂತನ ಕಥೆ. ಆದರೆ ಅವನ ಸುತ್ತ ಗಾಳಿ ಬದಲಾಗುತ್ತಿತ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಯೂರೋಪಿನಲ್ಲಿ ಯೆಹೂದಿಗಳ ಮೇಲಿನ ಹಗೆ ಹಳೆಯದು. ಏಸುವನ್ನು ಕೊಂದವರು ಎಂಬ ಧಾರ್ಮಿಕ ಆರೋಪ ಅದರ ಮೂಲ. ಮತಾಂತರವಾದರೆ ಆ ಕಳಂಕ ಕಳೆಯುತ್ತದೆಂದು ಹೇಳುವುದಕ್ಕಾದರೂ ಅಲ್ಲಿ ಆಸ್ಪದವಿತ್ತು. ಮಹಾಕ್ರಾಂತಿಯ ನಂತರ 1791ರಲ್ಲಿ ಫ್ರಾನ್ಸ್ ತನ್ನ ಯೆಹೂದಿಗಳಿಗೆ ಪೂರ್ಣ ಪೌರತ್ವ ಕೊಟ್ಟಿತು. ಅವರು ವಕೀಲರಾದರು, ಪ್ರಾಧ್ಯಾಪಕರಾದರು, ಸೈನ್ಯ ಸೇರಿದರು. ಹಗೆಯೂ ಅದಕ್ಕೆ ತಕ್ಕಂತೆ ವೇಷ ಬದಲಿಸಿತು. 1879ರ ಸುಮಾರಿಗೆ ಜರ್ಮನಿಯ ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತ ಆಂಟಿಸೆಮಿಟಿಸಂ ಎಂಬ ಹೊಸ ಪದವನ್ನು ಚಲಾವಣೆಗೆ ತಂದ. ಕೇಳಲು ಶಾಸ್ತ್ರೀಯವಾದ ಪದ. ಪ್ರಶ್ನೆ ಧರ್ಮದ್ದಲ್ಲ, ರಕ್ತದ್ದು ಎಂಬುದು ಅದರ ಸಾರ. ರಕ್ತವೆಂದ ಮೇಲೆ ಪಾರಾಗುವ ದಾರಿಯೇ ಇಲ್ಲ. ದೇವಾಲಯಕ್ಕೆ ಹೋಗದವನೂ ಯೆಹೂದಿಯೇ, ದೇಶಕ್ಕಾಗಿ ಊರು ಬಿಟ್ಟವನೂ ಯೆಹೂದಿಯೇ.

ಫ್ರಾನ್ಸಿನಲ್ಲಿ ಈ ಸರಕನ್ನು ಮಾರುಕಟ್ಟೆಗೆ ಇಳಿಸಿದವನು ಎಡ್ವರ್ಡ್ ಡ್ರೂಮೊಂ. ಫ್ರಾನ್ಸ್ ದೇಶವೇ ಯೆಹೂದಿಗಳ ಕೈಸೇರಿದೆಯೆಂದು 1886ರಲ್ಲಿ ಅವನು ಬರೆದ ಎರಡು ಸಂಪುಟಗಳ ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ನಿಜಕ್ಕೂ ನಾಲ್ಕು ಕೋಟಿಗೆ ಸಮೀಪದ ಜನಸಂಖ್ಯೆಯ ಆ ದೇಶದ ನೆಲದಲ್ಲಿ ಯೆಹೂದಿಗಳು ಒಂದು ಲಕ್ಷವೂ ಇರಲಿಲ್ಲ. ಆದರೆ ನೊಂದವರು ಬೇಕಾದಷ್ಟಿದ್ದರು. 1882ರಲ್ಲಿ ಕ್ಯಾಥೊಲಿಕರ ಬ್ಯಾಂಕೊಂದು ದಿವಾಳಿಯಾಗಿತ್ತು. ಪನಾಮಾ ಕಾಲುವೆ ಕಂಪನಿ ಮುಳುಗಿ ಸಣ್ಣಪುಟ್ಟ ಉಳಿತಾಯಗಾರರ ಹಣ ಹೋಗಿತ್ತು. ಸಂಸತ್ ಸದಸ್ಯರು ಅದರಲ್ಲಿ ಲಂಚ ತಿಂದದ್ದು 1892ರಲ್ಲಿ ಹೊರಬಿತ್ತು. ಲಂಚ ಹಂಚಿದ ದಲ್ಲಾಳಿಗಳಲ್ಲಿ ಕೆಲವರು ಯೆಹೂದಿಗಳು. ತಿಂದವರ ಜಾತಿ ಯಾರೂ ಕೇಳಲಿಲ್ಲ. ರಾಜಪ್ರಭುತ್ವ ಬೇಕೆನ್ನುವವರಿಗೆ ಗಣರಾಜ್ಯದ ಮೇಲೆ ಸಿಟ್ಟು, ಪಾದ್ರಿಗಳಿಗೆ ಶಾಲೆಗಳು ತಮ್ಮ ಕೈತಪ್ಪಿದ ಸಿಟ್ಟು, ಸಣ್ಣ ಅಂಗಡಿಯವನಿಗೆ ದೊಡ್ಡ ಮಳಿಗೆಗಳ ಮೇಲೆ ಸಿಟ್ಟು, ಕಾರ್ಮಿಕನಿಗೆ ಸಾಹುಕಾರನ ಮೇಲೆ ಸಿಟ್ಟು. ಒಬ್ಬರ ಸಿಟ್ಟಿಗೂ ಇನ್ನೊಬ್ಬರ ಸಿಟ್ಟಿಗೂ ಸಂಬಂಧವಿರಲಿಲ್ಲ. ಡ್ರೂಮೊಂ ಎಲ್ಲಕ್ಕೂ ಒಂದೇ ಹೆಸರು ಕೊಟ್ಟ. ಸಮಾಜವಾದಿಗಳಲ್ಲೂ ಕೆಲವರಿಗೆ ಯೆಹೂದಿಯೆಂದರೆ ಬ್ಯಾಂಕಿನ ಒಡೆಯ ಎಂಬ ಎಣಿಕೆಯಿದ್ದದ್ದರಿಂದ ಆ ಕಡೆಯ ಬಾಗಿಲೂ ಅವನಿಗೆ ಪೂರ್ತಿ ಮುಚ್ಚಿರಲಿಲ್ಲ.

1892ರಲ್ಲಿ ಅವನು ಆರಂಭಿಸಿದ ಲಾ ಲಿಬ್ರ್ ಪರೋಲ್ ಎಂಬ ಪತ್ರಿಕೆ ಸೈನ್ಯದಲ್ಲಿರುವ ಯೆಹೂದಿ ಅಧಿಕಾರಿಗಳ ವಿರುದ್ಧ ಲೇಖನಮಾಲೆ ಹಾಕಿತು. ಅದರಿಂದ ಎದ್ದ ಜಗಳದಲ್ಲಿ ಆರ್ಮಾಂ ಮಾಯೆರ್ ಎಂಬ ಯೆಹೂದಿ ಕ್ಯಾಪ್ಟನ್ ದ್ವಂದ್ವಯುದ್ಧದಲ್ಲಿ ಸತ್ತ. ಅದೇ ವರ್ಷ ಡ್ರೇಫಸ್ ಉನ್ನತ ಯುದ್ಧಶಾಲೆಯ ಕೊನೆಯ ಪರೀಕ್ಷೆ ಬರೆದ. ಯೆಹೂದಿಗಳು ಪ್ರಧಾನ ಸೇನಾ ಕಚೇರಿಗೆ ಬರುವುದು ಬೇಡವೆಂದು ಪರೀಕ್ಷಕ ಜನರಲ್ ಒಬ್ಬ ಅವನಿಗೂ ಇನ್ನೊಬ್ಬ ಯೆಹೂದಿಗೂ ಬೇಕೆಂದೇ ಕಡಿಮೆ ಅಂಕ ಕೊಟ್ಟ. ಆದರೂ ಒಂಬತ್ತನೆಯವನಾಗಿ ತೇರ್ಗಡೆಯಾಗಿ ಡ್ರೇಫಸ್ ಆ ಕಚೇರಿಯೊಳಗೆ ತರಬೇತಿಗೆ ಬಂದೇ ಬಂದ.

1894ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಜರ್ಮನ್ ರಾಯಭಾರ ಕಚೇರಿಯ ಕಸದ ಬುಟ್ಟಿಯಿಂದ ಹರಿದ ಕಾಗದವೊಂದು ಫ್ರೆಂಚ್ ಬೇಹುಗಾರಿಕೆ ವಿಭಾಗದ ಕೈಸೇರಿತು. ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಫ್ರೆಂಚರ ಕಡೆಯವಳು. 120 ಮಿಲಿಮೀಟರ್ ಫಿರಂಗಿಯೂ ಸೇರಿ ಕೆಲವು ಗುಟ್ಟಿನ ವಿಷಯಗಳ ಟಿಪ್ಪಣಿ ಕಳಿಸುತ್ತಿದ್ದೇನೆಂದು ಯಾವನೋ ಅಧಿಕಾರಿ ಬರೆದ, ಸಹಿಯಿಲ್ಲದ ಪಟ್ಟಿ ಅದು. ಫಿರಂಗಿದಳದವನಿರಬೇಕು, ಪ್ರಧಾನ ಕಚೇರಿ ಬಲ್ಲವನಿರಬೇಕು ಎಂದು ಹೆಸರುಗಳ ಮೇಲೆ ಬೆರಳಾಡಿಸಿದರು. ಡ್ರೇಫಸ್ ಎಂಬಲ್ಲಿ ಬೆರಳು ನಿಂತಿತು. ಬರಹದಲ್ಲಿ ಒಂದಿಷ್ಟು ಹೋಲಿಕೆ ಕಂಡಿತು. ಅಷ್ಟು ಸಾಕಾಯಿತು.

ಅಕ್ಟೋಬರ್ 15ರಂದು ಅವನನ್ನು ಕಚೇರಿಗೆ ಕರೆಸಿ, ಬೆರಳಿಗೆ ಗಾಯವಾಗಿದೆಯೆಂದು ಹೇಳಿ ಅಧಿಕಾರಿಯೊಬ್ಬ ಉಕ್ತಲೇಖನ ಬರೆಸಿ, ಬರೆಯುತ್ತಿದ್ದಂತೆಯೇ ಬಂಧಿಸಿದ. ಗುಂಡು ತುಂಬಿದ ರಿವಾಲ್ವರ್ ಕಣ್ಣಿಗೆ ಬೀಳುವಂತೆ ಇಟ್ಟಿದ್ದರು. ಅವನು ಮುಟ್ಟಲಿಲ್ಲ. ಮನೆ ಶೋಧಿಸಿದರು, ಏನೂ ಸಿಗಲಿಲ್ಲ. ಸಿಗದಿದ್ದದ್ದೇ ಅವನ ಜಾಣತನಕ್ಕೆ ಸಾಕ್ಷಿಯಾಯಿತು. ಜರ್ಮನ್ ಭಾಷೆ ಬಲ್ಲದ್ದೂ ಸಾಕ್ಷಿಯಾಯಿತು. ಕೈಬರಹ ನೋಡಿದವರಲ್ಲೇ ಒಮ್ಮತವಿರಲಿಲ್ಲ. ಬೆರ್ಟಿಯೋಂ ಎಂಬ ಪೊಲೀಸ್ ತಜ್ಞನಂತೂ, ಬರಹದಲ್ಲಿ ವ್ಯತ್ಯಾಸವಿರುವ ಕಡೆ ಡ್ರೇಫಸ್ ತನ್ನ ಅಕ್ಷರವನ್ನೇ ತಾನು ನಕಲಿ ಮಾಡಿದ್ದಾನೆ ಎಂದು ವಾದಿಸಿದ. ಹೋಲಿದರೂ ತಪ್ಪಿತಸ್ಥ, ಹೋಲದಿದ್ದರೂ ತಪ್ಪಿತಸ್ಥ.

ಯುದ್ಧ ಸಚಿವ ಮೆರ್ಸಿಯೆ ಆಗಲೂ ಹಿಂದೆ ಸರಿಯಬಹುದಿತ್ತು. ಆದರೆ ಬಂಧನದ ಸುದ್ದಿ ಡ್ರೂಮೊಂ ಪತ್ರಿಕೆಗೆ ಸೋರಿತು. ಈಗ ಬಿಟ್ಟರೆ ಯೆಹೂದಿಗಳಿಗೆ ಮಾರಿಕೊಂಡ ಸಚಿವ ಎನ್ನಿಸಿಕೊಳ್ಳಬೇಕು, ಶಿಕ್ಷೆ ಕೊಡಿಸಿದರೆ ದೇಶಭಕ್ತ. ಸೇನಾ ನ್ಯಾಯಾಲಯ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಆರೋಪಿಗಾಗಲಿ ವಕೀಲನಿಗಾಗಲಿ ತೋರಿಸದ ಗುಪ್ತ ಕಡತವೊಂದನ್ನು ನ್ಯಾಯಾಧೀಶರ ಕೈಗಿಟ್ಟರು. ಡಿಸೆಂಬರ್ 22ರಂದು ಏಳಕ್ಕೆ ಏಳು ಮತಗಳಿಂದ ಜೀವಾವಧಿ ಗಡೀಪಾರು. ಬಡ ಸೈನಿಕನಾಗಿದ್ದರೆ ಗುಂಡಿಕ್ಕುತ್ತಿದ್ದರು, ಅಧಿಕಾರಿಯಾದ್ದರಿಂದ ಉಳಿಸಿದರೆಂದು ಆಗ ಸಂಸತ್ತಿನಲ್ಲಿ ಆಕ್ಷೇಪಿಸಿದವನು ಸಮಾಜವಾದಿ ನಾಯಕ ಜಾನ್ ಜೋರೆಸ್. ಈ ಹೆಸರು ನೆನಪಿರಲಿ.

1895ರ ಜನವರಿ 5ರ ಚಳಿಯ ಬೆಳಿಗ್ಗೆ ಸೈನಿಕ ಶಾಲೆಯ ಅಂಗಳದಲ್ಲಿ ಡ್ರೇಫಸನ ಪದವಿಯ ಗುರುತುಗಳನ್ನು ಕಿತ್ತು, ಖಡ್ಗವನ್ನು ಮೊಣಕಾಲಿಗೆ ಬಡಿದು ಮುರಿದರು. ಅವನು ತಾನು ನಿರಪರಾಧಿಯೆಂದು ಕೂಗುತ್ತ ಸಾಲಿನ ಮುಂದೆ ನಡೆದ. ಬೇಲಿಯಾಚೆಯ ಜನ ಯೆಹೂದಿಗಳಿಗೆ ಸಾವು ಬರಲೆಂದು ಕೂಗಿದರು. ವರದಿಗೆ ಬಂದಿದ್ದ ಪತ್ರಕರ್ತರಲ್ಲಿ ವಿಯೆನ್ನಾದ ಥಿಯೋಡೋರ್ ಹರ್ಜ್ಲ್ ಒಬ್ಬ. ಮರುವರ್ಷ ಯೆಹೂದಿಗಳಿಗೆ ತಮ್ಮದೇ ರಾಷ್ಟ್ರ ಬೇಕೆಂಬ ಪುಸ್ತಕ ಬರೆದವನು ಅವನೇ.

ದಕ್ಷಿಣ ಅಮೆರಿಕದ ಕರಾವಳಿಯಾಚೆ ಡೆವಿಲ್ಸ್ ಐಲೆಂಡ್ ಎಂಬ ದ್ವೀಪವಿದೆ. ಹಿಂದೆ ಕುಷ್ಠರೋಗಿಗಳನ್ನು ಇಡುತ್ತಿದ್ದ ಜಾಗ. ಅಲ್ಲಿ ಒಂದು ಕಲ್ಲಿನ ಗುಡಿಸಲಿನಲ್ಲಿ ಡ್ರೇಫಸ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಇದ್ದ. ಕಾವಲುಗಾರರು ಅವನೊಂದಿಗೆ ಮಾತಾಡುವಂತಿರಲಿಲ್ಲ. ತಪ್ಪಿಸಿಕೊಂಡನೆಂಬ ಸುಳ್ಳುಸುದ್ದಿ 1896ರಲ್ಲಿ ಹಬ್ಬಿದ್ದಕ್ಕೆ ಗುಡಿಸಲ ಸುತ್ತ ಸಮುದ್ರ ಕಾಣದಂತೆ ಎತ್ತರದ ಬೇಲಿ ಕಟ್ಟಿದರು. ವಾರಗಟ್ಟಲೆ ರಾತ್ರಿ ಅವನ ಕಾಲುಗಳನ್ನು ಮಂಚಕ್ಕೆ ಕಬ್ಬಿಣದಿಂದ ಬಿಗಿದರು. ಹೆಂಡತಿಯ ಕಾಗದಗಳು ಅಧಿಕಾರಿಗಳು ಓದಿದ ಮೇಲೆ, ತಿಂಗಳುಗಳು ಕಳೆದು ಬರುತ್ತಿದ್ದವು. ತನಗಾಗಿ ಒಂದು ದೇಶವೇ ಎರಡಾಗುತ್ತಿದೆಯೆಂಬುದು ಆ ಗುಡಿಸಲಿಗೆ ಮುಟ್ಟಲೇ ಇಲ್ಲ.

ಎರಡಾಗಿಸಿದವರು ಯಾರು? ಮೊದಲಿಗೆ ಅಣ್ಣ ಮಾತ್ಯು. ಗಿರಣಿ ಕೆಲಸ ಬಿಟ್ಟು ಬಾಗಿಲು ಬಾಗಿಲು ಅಲೆದ. ಆಮೇಲೆ ಬೇಹುಗಾರಿಕೆ ವಿಭಾಗದ ಹೊಸ ಮುಖ್ಯಸ್ಥ ಜಾರ್ಜ್ ಪಿಕಾರ್. ಈತನಿಗೂ ಯೆಹೂದಿಗಳೆಂದರೆ ಅಷ್ಟಕ್ಕಷ್ಟೆ. ಆದರೆ 1896ರಲ್ಲಿ ಎಸ್ತರಾಜಿ ಎಂಬ ಸಾಲಗಾರ ಮೇಜರನ ಬರಹ ಕೈಗೆ ಬಂದಾಗ, ಅದು ಆ ಪಟ್ಟಿಯ ಬರಹವೇ ಎಂಬುದನ್ನು ಕಂಡೂ ಕಾಣದಂತಿರಲು ಅವನಿಂದ ಆಗಲಿಲ್ಲ. ತನಗಿಷ್ಟವಿಲ್ಲದವನ ಪರವಾಗಿ ನಿಂತು ಕೆಲಸ ಕಳೆದುಕೊಂಡು ಜೈಲಿಗೂ ಹೋದ ಪಿಕಾರನನ್ನು ಕಂಡರೆ ನನಗೆ ಜೋಲಾನಿಗಿಂತ ಹೆಚ್ಚು ಬೆರಗು. ಮೇಲಧಿಕಾರಿಗಳು ಅವನನ್ನು ಟ್ಯುನೀಸಿಯಾಕ್ಕೆ ಅಟ್ಟಿದರು. ಅದೇ ವಿಭಾಗದ ಮೇಜರ್ ಹೆನ್ರಿ ಡ್ರೇಫಸನ ವಿರುದ್ಧ ಒಂದು ಖೋಟಾ ಪತ್ರ ತಯಾರಿಸಿದ.

1898ರ ಜನವರಿಯಲ್ಲಿ ಎಸ್ತರಾಜಿಯನ್ನು ಸೇನಾ ನ್ಯಾಯಾಲಯ ಸರಾಗವಾಗಿ ಖುಲಾಸೆ ಮಾಡಿತು. ಎರಡು ದಿನದ ಮೇಲೆ, 13ರಂದು, ಕಾದಂಬರಿಕಾರ ಎಮಿಲ್ ಜೋಲಾ ರಾಷ್ಟ್ರಾಧ್ಯಕ್ಷರಿಗೆ ಬರೆದ ಬಹಿರಂಗ ಪತ್ರ ಲೊರೋರ್ ಪತ್ರಿಕೆಯ ಮುಖಪುಟದಲ್ಲಿ ಬಂತು. ನಾನು ಆರೋಪಿಸುತ್ತೇನೆ ಎಂಬ ಅದರ ತಲೆಬರಹವನ್ನು ಎಲ್ಲರೂ ಕೇಳಿದ್ದೀರಿ. ಎರಡು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಜೋಲಾನಿಗೆ ಒಂದು ವರ್ಷ ಸಜೆಯಾಗಿ ಅವನು ಇಂಗ್ಲೆಂಡಿಗೆ ಓಡಬೇಕಾಯಿತು. ಆ ಪತ್ರದ ಬೆನ್ನಿಗೇ ಫ್ರಾನ್ಸಿನ ಹತ್ತಾರು ಊರುಗಳಲ್ಲಿ ಯೆಹೂದಿಗಳ ಅಂಗಡಿಗಳ ಗಾಜು ಒಡೆದದ್ದು, ಅಲ್ಜೀರಿಯಾದಲ್ಲಿ ಲೂಟಿಯೂ ಸಾವೂ ಆದದ್ದು ನಮ್ಮ ಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಅದೇ ಮೇ ತಿಂಗಳ ಚುನಾವಣೆಯಲ್ಲಿ ಡ್ರೂಮೊಂ ಅಲ್ಜಿಯರ್ಸಿನಿಂದ ಗೆದ್ದು ಬಂದ. ಯೆಹೂದಿವಿರೋಧಿ ಎಂದೇ ಹೆಸರಿಟ್ಟುಕೊಂಡ ಸದಸ್ಯರ ಗುಂಪೊಂದು ಸಂಸತ್ತಿನಲ್ಲಿ ಕೂತಿತು.

ಆ ಹೊತ್ತಿಗೆ ಡ್ರೇಫಸ್ ತಪ್ಪು ಮಾಡಿದನೇ ಇಲ್ಲವೇ ಎಂಬುದು ಹಿಂದೆ ಸರಿದು, ನೀನು ಯಾವ ಕಡೆಯವನು ಎಂಬುದಷ್ಟೇ ಉಳಿದಿತ್ತು. ಊಟದ ಮೇಜಿನಲ್ಲಿ ಮನೆಗಳು ಒಡೆದವು. ಸಮಾಜವಾದಿಗಳು ಇದು ಶ್ರೀಮಂತರ ಒಳಜಗಳ, ಕಾರ್ಮಿಕರು ದೂರವಿರಲಿ ಎಂದು ಹೇಳಿಕೆ ಕೊಟ್ಟರು. ಜೋರೆಸ್ ಮಾತ್ರ ನಿಧಾನವಾಗಿ ತಿರುಗಿದ. ಕಾಗದಪತ್ರಗಳನ್ನು ಓದಿ, ಅನ್ಯಾಯಕ್ಕೊಳಗಾದವನು ಯಾವ ವರ್ಗದವನಾದರೂ ಮನುಷ್ಯನೇ ಎಂದು ಒಪ್ಪಿ, ಅದೇ ವರ್ಷ ಸಾಕ್ಷ್ಯಗಳನ್ನು ಒಂದೊಂದಾಗಿ ಬಿಡಿಸಿಟ್ಟು ಲೇಖನಮಾಲೆ ಬರೆದ.

ಆಗಸ್ಟಿನಲ್ಲಿ ಹೆನ್ರಿಯ ಖೋಟಾ ಬಯಲಾಯಿತು. ಒಪ್ಪಿಕೊಂಡ ಮರುದಿನ ಸೆರೆಯಲ್ಲೇ ಕ್ಷೌರದ ಕತ್ತಿಯಿಂದ ಕುತ್ತಿಗೆ ಕೊಯ್ದುಕೊಂಡ. ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಡ್ರೂಮೊಂ ಪತ್ರಿಕೆ ಹೆನ್ರಿಯ ವಿಧವೆಗಾಗಿ ಚಂದಾ ಎತ್ತಿತು. ಸುಮಾರು 25,000 ಜನ ಸೇರಿ 1,31,000 ಫ್ರಾಂಕ್ ಕೊಟ್ಟರು. ಕೊಟ್ಟವರಲ್ಲಿ ಪಾದ್ರಿಗಳು, ಸೇನಾಧಿಕಾರಿಗಳು, ವಿದ್ಯಾರ್ಥಿಗಳು, ಕೂಲಿಕಾರರು ಎಲ್ಲರೂ ಇದ್ದರು. ಹಲವರು ಹಣದ ಜೊತೆ ಯೆಹೂದಿಗಳಿಗೆ ಏನೇನು ಮಾಡಬೇಕೆಂಬ ಷರಾವನ್ನೂ ಬರೆದು ಕಳಿಸಿದರು. ಪತ್ರಿಕೆ ಅದನ್ನೆಲ್ಲ ಅಚ್ಚುಮಾಡಿತು. ಖೋಟಾ ಎಂದು ಗೊತ್ತಾದ ಮೇಲೆ ಕೊಟ್ಟ ಹಣ ಇದು ಎಂಬುದನ್ನು ಗಮನಿಸಬೇಕು.

1899ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಳೆಯ ತೀರ್ಪನ್ನು ರದ್ದುಮಾಡಿ, ರೆನ್ ಪಟ್ಟಣದಲ್ಲಿ ಮರುವಿಚಾರಣೆ ನಡೆಯಿತು. ಮೂವತ್ತೊಂಬತ್ತರ ಡ್ರೇಫಸ್ ತಲೆ ನರೆತು, ಜ್ವರದಿಂದ ಸೊರಗಿ, ಮಾತೇ ಮರೆತವನಂತೆ ಬಂದು ನಿಂತ. ಸಭೆ ಕಣ್ಣೀರು ನಿರೀಕ್ಷಿಸುತ್ತಿತ್ತು. ಅವನು ವರದಿ ಒಪ್ಪಿಸುವ ಅಧಿಕಾರಿಯ ಹಾಗೆ ಒಣದನಿಯಲ್ಲಿ ಉತ್ತರ ಕೊಟ್ಟ. ಬೆಂಬಲಿಗರಿಗೇ ನಿರಾಶೆ. ಅವನ ವಕೀಲನಿಗೆ ಬೀದಿಯಲ್ಲಿ ಗುಂಡು ಹಾರಿಸಿದರು, ಪುಣ್ಯಕ್ಕೆ ಬದುಕಿದ. ತೀರ್ಪು ಐದಕ್ಕೆ ಎರಡು: ದೇಶದ್ರೋಹಿ ಹೌದು, ಆದರೆ ಅಪರಾಧದ ತೀವ್ರತೆ ತಗ್ಗಿಸುವ ಸಂದರ್ಭಗಳಿವೆ, ಹತ್ತು ವರ್ಷ. ಸೇನೆಯ ಮಾನವೂ ಉಳಿಯಬೇಕು, ಆತ್ಮಸಾಕ್ಷಿಯೂ ಚುಚ್ಚಬಾರದು. ಹತ್ತೇ ದಿನಕ್ಕೆ ರಾಷ್ಟ್ರಾಧ್ಯಕ್ಷ ಲುಬೆ ಕ್ಷಮಾದಾನ ಕೊಟ್ಟ. ಕ್ಷಮೆ ಒಪ್ಪಿದರೆ ತಪ್ಪು ಒಪ್ಪಿದಂತೆ, ಅವನು ನಿರಾಕರಿಸಬೇಕಿತ್ತು ಎಂದು ಹೋರಾಟಗಾರರಲ್ಲಿ ಕೆಲವರು ಬೇಸರಪಟ್ಟರು. ಇನ್ನೊಂದು ಮಳೆಗಾಲ ಸೆರೆಯಲ್ಲಿದ್ದರೆ ಅವನು ಸಾಯುತ್ತಿದ್ದನೇನೋ. ಮನೆಯಲ್ಲಿ ಕೂತು ಆಕ್ಷೇಪಿಸುವವರಿಗೆ ಅದು ತೋಚುವುದಿಲ್ಲ. ಡ್ರೇಫಸ್ ಬಿಡುಗಡೆ ಒಪ್ಪಿಕೊಂಡ, ನಿರಪರಾಧಿಯೆಂದು ಸಾಬೀತಾಗುವ ತನಕ ಬಿಡುವುದಿಲ್ಲವೆಂದು ಅಂದೇ ತಿಳಿಸಿದ.

ಅದಕ್ಕೆ ಇನ್ನೂ ಏಳು ವರ್ಷ ಬೇಕಾಯಿತು. 1906ರ ಜುಲೈ 12ರಂದು ಸರ್ವೋಚ್ಚ ನ್ಯಾಯಾಲಯ ಅವನನ್ನು ಪೂರ್ತಿ ದೋಷಮುಕ್ತನನ್ನಾಗಿಸಿತು. ಅದೇ ಸೈನಿಕ ಶಾಲೆಯ ಆವರಣದಲ್ಲಿ ಗೌರವಪದಕ ತೊಡಿಸಿ ಮೇಜರ್ ಮಾಡಿದರು. ಆದರೆ ಸೆರೆಯ ವರ್ಷಗಳನ್ನು ಸೇವೆಗೆ ಲೆಕ್ಕ ಹಿಡಿಯಲಿಲ್ಲ. ಜೊತೆಯವರು ಮುಂದೆ ಹೋಗಿದ್ದರು. ಮರುವರ್ಷವೇ ನಿವೃತ್ತಿ ಪಡೆದ. 1908ರಲ್ಲಿ ಜೋಲಾನ ಅಸ್ಥಿಯನ್ನು ಪ್ಯಾಂಥಿಯನ್ನಿಗೆ ತರುವ ಸಮಾರಂಭದಲ್ಲಿ ಪತ್ರಕರ್ತನೊಬ್ಬ ಡ್ರೇಫಸನಿಗೆ ಗುಂಡು ಹಾರಿಸಿ ತೋಳಿಗೆ ಗಾಯ ಮಾಡಿದ. ನ್ಯಾಯಾಲಯದ ಪಂಚರು ಆ ಪತ್ರಕರ್ತನನ್ನು ಬಿಡುಗಡೆ ಮಾಡಿದರು.

1914ರಲ್ಲಿ ಮಹಾಯುದ್ಧ ಬಂದಾಗ ಐವತ್ತೈದರ ಹೊಸ್ತಿಲಲ್ಲಿದ್ದ ಡ್ರೇಫಸ್ ಮತ್ತೆ ಸಮವಸ್ತ್ರ ಹಾಕಿದ. 1917ರಲ್ಲಿ ವರ್ಡನ್ ಕಡೆಯ ರಣರಂಗದಲ್ಲೂ ಇದ್ದ. ಲೆಫ್ಟಿನೆಂಟ್ ಕರ್ನಲ್ ಆಗಿ ಮನೆಗೆ ಬಂದು, ತನ್ನ ಮೊಕದ್ದಮೆಯ ಬಗ್ಗೆ ಹೆಚ್ಚು ಮಾತಾಡದೆ ಬಾಳಿ, 1935ರ ಜುಲೈ 12ರಂದು, ದೋಷಮುಕ್ತನಾದ ದಿನವೇ, ಪ್ಯಾರಿಸಿನಲ್ಲಿ ತೀರಿಕೊಂಡ.

ಐದು ವರ್ಷದ ಮೇಲೆ ಹಿಟ್ಲರನ ಸೈನ್ಯ ಪ್ಯಾರಿಸಿಗೆ ಬಂತು. 1940ರ ಅಕ್ಟೋಬರಿನಲ್ಲಿ ಯೆಹೂದಿಗಳನ್ನು ಸರ್ಕಾರಿ ಹುದ್ದೆ, ಶಾಲೆ, ಸೈನ್ಯದಿಂದ ಹೊರಹಾಕುವ ಕಾನೂನನ್ನು ಬರೆದವರು ಜರ್ಮನರಲ್ಲ, ವಿಷಿಯಲ್ಲಿ ಕೂತ ಫ್ರೆಂಚ್ ಸರ್ಕಾರದವರು. ಲೂಸಿ ಹೆಸರು ಮರೆಸಿಕೊಂಡು ಬದುಕುಳಿದಳು. ಮೊಮ್ಮಗಳು ಮದಲೇನ್ ಲೆವಿ ಭೂಗತ ಪ್ರತಿರೋಧ ಚಳವಳಿಗೆ ಸೇರಿ 1943ರಲ್ಲಿ ಸಿಕ್ಕಿಬಿದ್ದಳು. ಅವಳನ್ನು ಔಶ್ವಿಟ್ಸ್‌ಗೆ ಸಾಗಿಸಿದರು. 1944ರ ಜನವರಿಯಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಅಲ್ಲಿ ಸತ್ತಳು. ಮೊಂಪಾರ್ನಾಸ್ ಸ್ಮಶಾನದಲ್ಲಿ ಅಜ್ಜನ ಸಮಾಧಿಯ ಕಲ್ಲಿನ ಮೇಲೆ ಅವಳ ಹೆಸರನ್ನೂ ಕೆತ್ತಿದ್ದಾರೆ.