ಮೋಗ್ಲಿಂಗ್ ಬಂದ ಊರು, ಸಂಶಯ ಹುಟ್ಟಿದ ಊರು

ಹೋದ ವಾರ ಇಲ್ಲಿ ಹೊಸಪೇಟೆಯಲ್ಲಿ ಯೂತ್ ಮೀಟಿಂಗ್ ಮುಗಿದ ಮೇಲೆ, ಸಂಡೂರಿನಲ್ಲಿ ಕೆಲಸ ಮಾಡೋ ಒಬ್ಬ ತಮ್ಮ ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ. ಯೇಸು ಎದ್ದೇ ಇಲ್ಲ, ದುಃಖದಲ್ಲಿದ್ದ ಶಿಷ್ಯರಿಗೆ ಹಾಗೆ ಕಂಡಿತು, ಆಮೇಲೆ ಕಥೆ ಬೆಳೀತು ಅಂತ ಅದರಲ್ಲಿತ್ತು. ಅದನ್ನ ನೋಡಿದ ರಾತ್ರಿ ಅವನಿಗೆ ಪ್ರಾರ್ಥನೆ ಮಾಡೋಕೇ ಆಗಲಿಲ್ಲವಂತೆ. ನಾನು ಗದರಿಸಲಿಲ್ಲ. ಹರ್ಮನ್ ಮೋಗ್ಲಿಂಗ್ ಬಗ್ಗೆ ಹೇಳಿದೆ.

ಜುಲೈ 1ರ ಪತ್ರಿಕಾ ದಿನಕ್ಕೆ ಪತ್ರಕರ್ತರು ನೆನೆಯೋದು ಇವರನ್ನೇ. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದರು. ಅದೇ ಊರಿನಲ್ಲಿ 1832ರಿಂದ ಡೇವಿಡ್ ಸ್ಟ್ರಾಸ್ ಎಂಬ ಯುವ ಪಂಡಿತ ಪಾಠ ಹೇಳುತ್ತಿದ್ದ. ಯೇಸುವಿನ ಜೀವನದ ಬಗ್ಗೆ 1835ರಲ್ಲಿ ಅವನ ಪುಸ್ತಕ ಬಂತು. ಪುನರುತ್ಥಾನ ನಡೆದ ಸಂಗತಿಯಲ್ಲ, ಭಕ್ತರ ಮನಸ್ಸಿನಲ್ಲಿ ಬೆಳೆದದ್ದು ಅಂತ ಅವನ ವಾದ. ನಮ್ಮ ತಮ್ಮನ ವಿಡಿಯೋ ಹೊಸದು, ಸರಕು ಹಳೇದು! ಮರುವರ್ಷವೇ ಮೋಗ್ಲಿಂಗ್ ಬಾಸೆಲ್ ಮಿಷನ್ ಮೂಲಕ ಮಂಗಳೂರಿಗೆ ಹಡಗು ಹತ್ತಿದರು, ಎದ್ದ ಯೇಸುವನ್ನ ಸಾರೋದಕ್ಕೆ.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನ ಕಲ್ಲಚ್ಚಿನಲ್ಲಿ ತಂದರು. ಮರುವರ್ಷ ಅದು ಕನ್ನಡ ಸಮಾಚಾರ ಆಗಿ ಅಚ್ಚಾದದ್ದು ಎಲ್ಲಿ ಗೊತ್ತಾ? ನಮ್ಮ ಬಳ್ಳಾರಿಯಲ್ಲಿ! ದಾಸರ ಪದ, ಬಸವಪುರಾಣವನ್ನೂ ಅಚ್ಚು ಹಾಕಿಸಿದರು. ಆ ಕೆಲಸಕ್ಕೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಅದೇ ಟ್ಯೂಬಿಂಗನ್. 1881ರಲ್ಲಿ ಜರ್ಮನಿಯಲ್ಲೇ ತೀರಿಕೊಂಡರು.

ಆದರೆ ಒಬ್ಬರು ಹಡಗು ಹತ್ತಿದ್ದು ಸಮಾಧಿ ಬರಿದಾಗಿತ್ತು ಅನ್ನೋದಕ್ಕೆ ಸಾಕ್ಷಿ ಅಲ್ಲ. ಅದನ್ನೂ ಅವನಿಗೆ ಹೇಳಿದೆ. ಸಾಕ್ಷಿ ಇರೋದು 1 ಕೊರಿಂಥ 15ರಲ್ಲಿ. ಹಂಪಿಯಲ್ಲಿ ಗೈಡ್ ಹೇಳೋ ಕಥೆ ಬೇರೆ, ಆ ಕಾಲದಲ್ಲೇ ಕೆತ್ತಿದ ಶಾಸನ ಬೇರೆ, ಅಲ್ವಾ? ಪೌಲ ಅದನ್ನ ಬರೆದಾಗ ಯೇಸುವನ್ನ ಶಿಲುಬೆಗೆ ಹಾಕಿ ಸುಮಾರು 25 ವರ್ಷ ಅಷ್ಟೇ. ಕೇಫ, ಹನ್ನೆರಡು ಮಂದಿ, ಐನೂರಕ್ಕಿಂತ ಹೆಚ್ಚು ಸಹೋದರರು. ಅವರಲ್ಲಿ ಬಹಳ ಜನ ಇನ್ನೂ ಬದುಕಿದ್ದರು, ಹೋಗಿ ಕೇಳಬಹುದಿತ್ತು. ದುಃಖಕ್ಕೆ ಹಾಗೆ ಕಂಡಿತು ಅಂತೀರಾ? ಪೌಲನಿಗೆ ಎಲ್ಲಿಯ ದುಃಖ, ಅವನು ಸಭೆಯನ್ನ ಹಿಂಸಿಸುತ್ತಿದ್ದವನು! ಕರ್ತನ ತಮ್ಮ ಯಾಕೋಬನೂ ಮೊದಲು ನಂಬಿದವನಲ್ಲ. ಇನ್ನು ಯೇಸು ಬರೀ ಮೂರ್ಛೆ ಹೋಗಿದ್ದರು ಅನ್ನೋ ವಾದವನ್ನ ಸ್ಟ್ರಾಸನೇ 1864ರಲ್ಲಿ ತಳ್ಳಿಹಾಕಿದ. ಅರೆಜೀವವಾಗಿ ತೆವಳಿ ಬಂದವನನ್ನ ಮರಣ ಗೆದ್ದವನು ಅಂತ ಯಾರು ನಂಬುತ್ತಾರೆ?

ತಮ್ಮ ಪೂರ್ತಿ ಒಪ್ಪಿದ ಅಂತ ಹೇಳಲ್ಲ. ಆ ಐನೂರು ಜನರ ಹೆಸರು ಯಾಕೆ ಬರೆದಿಲ್ಲ ಅಂತ ಕೇಳಿದ. ಒಳ್ಳೇ ಪ್ರಶ್ನೆ. ಶನಿವಾರ ಕಂಪ್ಲಿಯ ಯೂತ್ ಜೊತೆ ಕೂತು ಆ ಅಧ್ಯಾಯ ಓದ್ತೀವಿ. ಬೈಬಲ್ ತನ್ನಿ. ಅವನು ಆ ವಿಡಿಯೋನೂ ತರ್ತಾನೆ.