ಕಮಲಾ ಸೊಹೋನಿ: ಕಿಣ್ವವನ್ನೂ ಅದರ ತಡೆಯನ್ನೂ ಅಳೆದವರು

ಈ ಸಲ ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಪ್ರೌಢಶಾಲೆ. ಹತ್ತನೆಯ ತರಗತಿ, ‘ಜೀವಕ್ರಿಯೆಗಳು’ ಘಟಕ, ಜೀರ್ಣಕ್ರಿಯೆಯ ಪಾಠ. ಟ್ರಿಪ್ಸಿನ್ ಎಂದು ಕರಿಹಲಗೆಯ ಮೇಲೆ ಬರೆದು, ಪ್ರೋಟೀನನ್ನು ಒಡೆಯುವ ಕಿಣ್ವ ಎಂದು ಹೇಳಿಬಿಟ್ಟರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಷ್ಟೇ. ಅದಕ್ಕಾಗಿ ಪಾಠಯೋಜನೆಯ ಪೀಠಿಕೆಗೆ ಒಬ್ಬ ವಿಜ್ಞಾನಿಯ ಜೀವನವನ್ನು ಆರಿಸಿಕೊಂಡೆ. ಅವರು ಕಮಲಾ ಸೊಹೋನಿ.

ತವರಿನ ಹೆಸರು ಕಮಲಾ ಭಾಗವತ್. 1911ರಲ್ಲಿ ಇಂದೋರಿನಲ್ಲಿ ಹುಟ್ಟಿದರು. ತಂದೆ ಮತ್ತು ತಂದೆಯ ಸಹೋದರ ಇಬ್ಬರೂ ಬೆಂಗಳೂರಿನ ಟಾಟಾ ಸಂಸ್ಥೆಯಲ್ಲಿ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ರಸಾಯನ ವಿಜ್ಞಾನಿಗಳು. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ಬಂದ ಕಮಲಾ 1933ರಲ್ಲಿ ಅದೇ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಹೆಣ್ಣುಮಗಳು ಎಂಬ ಕಾರಣಕ್ಕೆ ಅವರು ಅರ್ಜಿಯನ್ನು ತಳ್ಳಿಹಾಕಿದರು. ಕಮಲಾ ಬೆಂಗಳೂರಿಗೇ ಬಂದು ಕಾರಣ ಕೇಳಿದರು, ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಮೊದಲ ವರ್ಷ ಅವರನ್ನು ನಿಯಮಿತ ವಿದ್ಯಾರ್ಥಿನಿಯೆಂದು ಗಣಿಸುವುದಿಲ್ಲ; ಕೆಲಸ ಮೆಚ್ಚುಗೆಯಾದರೆ ಮಾತ್ರ ಮುಂದಿನ ಮಾತು. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ದುಡಿದು 1936ರಲ್ಲಿ ಎಂ.ಎಸ್ಸಿ. ಪಡೆದರು. ಅವರ ಕೆಲಸವನ್ನು ಕಂಡ ರಾಮನ್ ತಮ್ಮ ನಿಲುವು ಬದಲಿಸಿದರು. ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು.

ಅಲ್ಲಿಂದ ಕೇಂಬ್ರಿಜ್. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ ಸಸ್ಯದ ಅಂಗಾಂಶದಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿ, 1939ರಲ್ಲಿ ಪಿಎಚ್.ಡಿ. ಪಡೆದರು. ಅವರ ಪ್ರಬಂಧ ಸುಮಾರು ನಲವತ್ತು ಪುಟದ್ದಷ್ಟೇ. ಸ್ವದೇಶಕ್ಕೆ ಮರಳಿ ದೆಹಲಿಯಲ್ಲಿ, ಆಮೇಲೆ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ಕೆಲಸ ಮಾಡಿದರು. 1947ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನ ಕಲಿಸಿದರು.

ನನ್ನ ಪಾಠಕ್ಕೆ ಬೇಕಾದದ್ದು ಈ ಮುಂಬಯಿಯ ದಿನಗಳೇ. 1950ರ ದಶಕದಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ನಮ್ಮ ತರಕಾರಿ, ಕಾಳುಗಳಲ್ಲಿರುವ ಟ್ರಿಪ್ಸಿನ್ ತಡೆಗಳನ್ನು ಅಳೆದರು. ಅವರೆಕಾಳಿನಲ್ಲಿ ಟ್ರಿಪ್ಸಿನನ್ನು ಹಿಡಿದು ನಿಲ್ಲಿಸುವ ಪ್ರೋಟೀನೇ ಇದೆ. ಹಸಿ ಕಾಳು ಸರಿಯಾಗಿ ಅರಗದಿರಲು ಅದೂ ಒಂದು ಕಾರಣ. ಚೆನ್ನಾಗಿ ಬೇಯಿಸಿದರೆ ಅದರ ಶಕ್ತಿ ಬಹುಮಟ್ಟಿಗೆ ಕುಗ್ಗುತ್ತದೆ. ಟ್ರಿಪ್ಸಿನ್ ಕತ್ತರಿ, ಕಾಳಿನ ಪ್ರೋಟೀನು ಅದರ ಬಾಯಿ ಕಟ್ಟುವ ದಾರ ಎಂದೆ. ಮಕ್ಕಳಿಗೆ ಹಿಡಿಸಿತು.

ಆ ಉತ್ಸಾಹದಲ್ಲಿ ಒಂದು ಹೆಜ್ಜೆ ಮುಂದೆ ಹೋದೆ. ಕ್ಯಾನ್ಸರ್ ಕೋಶಗಳೂ ಇಂಥ ಕತ್ತರಿಗಳಿಂದಲೇ ಸುತ್ತಲಿನ ಪ್ರೋಟೀನಿನ ಬೇಲಿ ಕತ್ತರಿಸಿ ಬೇರೆ ಅಂಗಗಳಿಗೆ ಹರಡುತ್ತವೆ ಎಂದು ಹೇಳಿದೆ. ತಿಕೋಟಾ ಕಡೆಯಿಂದ ಬರುವ ಮಕ್ಕಳಿಗೆ ದ್ರಾಕ್ಷಿ ತೋಟದ ಬೇಲಿಯ ಹೋಲಿಕೆ ಕೊಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಹಾಗಾದರೆ ತಡೆ ಹೆಚ್ಚಿದ್ದರೆ ಕ್ಯಾನ್ಸರ್ ಹರಡುವುದಿಲ್ಲವೇ, ಅವರೆಕಾಳು ತಿಂದರೆ ಆಗುತ್ತದೆಯೇ ಎಂದು ಕೇಳಿದಳು. ಇರಬಹುದು ಎಂದುಬಿಟ್ಟೆ. ಪಾಠ ಮುಗಿದ ಮೇಲೆ ವರ್ಗಶಿಕ್ಷಕಿಯಿಂದ ತಿಳಿಯಿತು: ಅವಳ ಅವ್ವನಿಗೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿತ್ತು. ನನ್ನ ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಆ ಉತ್ತರದ ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಓದಿದಾಗ ನನ್ನ ಊಹೆ ತಲೆಕೆಳಗಾಯಿತು. ಯುರೋಕೈನೇಸ್ ಟ್ರಿಪ್ಸಿನ್ನಿನ ಮನೆತನದ್ದೇ ಕಿಣ್ವ. ಸ್ತನದ ಗಡ್ಡೆಯಲ್ಲಿ ಅದರ ಚಟುವಟಿಕೆ ಹೆಚ್ಚಿರುವವರಿಗೆ ರೋಗ ಬೇಗ ಮರುಕಳಿಸುತ್ತದೆ ಎಂದು 1988ರಲ್ಲಿ ಡಬ್ಲಿನ್ನಿನ ಸಂಶೋಧಕರು ವರದಿ ಮಾಡಿದರು. ಅದಕ್ಕೆ ದೇಹದಲ್ಲೇ ಇರುವ ತಡೆಯ ಹೆಸರು ಪಿಎಐ-1. ತಡೆ ಹೆಚ್ಚಿದ್ದರೆ ಒಳ್ಳೆಯದು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅಳೆದಾಗ ಕಂಡದ್ದು ಬೇರೆ: ಗಡ್ಡೆಯಲ್ಲಿ ಪಿಎಐ-1 ಹೆಚ್ಚಿದ್ದರೂ ಮುನ್ಸೂಚನೆ ಕೆಟ್ಟದ್ದೇ. ಅದು ಕಿಣ್ವವನ್ನು ತಡೆಯುವುದಷ್ಟೇ ಅಲ್ಲ, ಕೋಶ ತನ್ನ ಹಿಡಿತ ಬಿಟ್ಟು ಚಲಿಸಲೂ ಹೊಸ ರಕ್ತನಾಳ ಬೆಳೆಯಲೂ ನೆರವಾಗುತ್ತದೆ. ಇವೆರಡೂ ಕಡಿಮೆ ಇದ್ದು, ರೋಗ ದುಗ್ಧಗ್ರಂಥಿಗಳಿಗೆ ಹರಡಿರದಿದ್ದರೆ ಮರುಕಳಿಸುವ ಅಪಾಯ ಕಡಿಮೆ. ಕೀಮೋಥೆರಪಿ ಬೇಕೇ ಎಂದು ನಿರ್ಧರಿಸಲು ಇದು ವೈದ್ಯರಿಗೆ ನೆರವಾಗುತ್ತದೆ. ಇದೆಲ್ಲ ಗಡ್ಡೆಯ ಅಂಗಾಂಶದಲ್ಲಿ ಅಳೆಯುವ ಮಾತು. ತಟ್ಟೆಯಲ್ಲಿನ ಕಾಳಿಗೂ ಇದಕ್ಕೂ ನೇರ ಸಂಬಂಧವಿಲ್ಲ.

ಮರುದಿನ ತರಗತಿಯಲ್ಲಿ ಎಲ್ಲರ ಮುಂದೆ ನನ್ನ ಉತ್ತರ ತಪ್ಪೆಂದು ಒಪ್ಪಿಕೊಂಡೆ. ಕರಿಹಲಗೆಯ ಮೇಲೆ ಎರಡು ಕಂಬಸಾಲು ಎಳೆದು ಕಿಣ್ವ, ತಡೆ ಎಂದು ಬರೆದು, ಯಾವುದು ಹೆಚ್ಚಾದರೆ ಏನಾದೀತು ಎಂದು ಮಕ್ಕಳಿಂದಲೇ ಮೊದಲು ಊಹೆ ಹೇಳಿಸಿದೆ; ಆಮೇಲೆ ಅಳತೆ ಏನು ಹೇಳಿತು ಎಂದು ಪಕ್ಕದಲ್ಲಿ ಬರೆದೆ. ಪಾಠದ ನಂತರ ಆ ಹುಡುಗಿಯನ್ನು ಬೇರೆಯಾಗಿ ಕರೆದು, ಅವ್ವನ ಔಷಧ, ತಪಾಸಣೆ ತಪ್ಪಬಾರದು, ಊಟದ ಬಗ್ಗೆ ಡಾಕ್ಟರನ್ನೇ ಕೇಳಬೇಕು ಎಂದು ಹೇಳಿದೆ. ಅವಳು ಹಿಂದಿನ ಸಂಜೆಯೇ ಅವರೆಕಾಳು ನೆನೆಹಾಕಿದ್ದಳಂತೆ. ಬೇಯಿಸಿ ಎಲ್ಲರೂ ತಿನ್ನಿ, ಅದು ಒಳ್ಳೆಯ ಊಟ, ಔಷಧವಲ್ಲ ಎಂದೆ.

ಕಮಲಾ ಸೊಹೋನಿ ಕ್ಯಾನ್ಸರ್ ಬಗ್ಗೆ ಸಂಶೋಧಿಸಿದವರಲ್ಲ. 1998ರಲ್ಲಿ ತೀರಿಕೊಳ್ಳುವ ತನಕ ಅವರ ಆಸಕ್ತಿ ಬಡವರ ತಟ್ಟೆಯ ಆಹಾರ, ಗ್ರಾಹಕರ ಹಿತ. ಆದರೂ ಈ ಘಟಕಕ್ಕೆ ಅವರ ಜೀವನವೇ ಸರಿ ಎಂದು ಈಗ ಇನ್ನೂ ಗಟ್ಟಿಯಾಗಿ ಅನಿಸುತ್ತದೆ. ಹೆಣ್ಣಿನಿಂದ ಈ ಕೆಲಸ ಆಗದು ಎಂಬುದು ಒಂದು ಊಹೆಯಾಗಿತ್ತು. ಅದು ಪ್ರಯೋಗಾಲಯದಲ್ಲಿ ಸುಳ್ಳಾಯಿತು. ತಡೆ ಎಂದರೆ ಒಳ್ಳೆಯದು ಎಂಬುದು ನನ್ನ ಊಹೆ. ಅದೂ ಹಾಗೆಯೇ ಸುಳ್ಳಾಯಿತು. ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ರೋಗದ ಬಗ್ಗೆ ಮಗು ಪ್ರಶ್ನೆ ಕೇಳಿದಾಗ, ನಾಳೆ ನೋಡಿ ಹೇಳುತ್ತೇನೆ ಎನ್ನಲು ನಾಚಬೇಡಿ. ಆ ಪ್ರಶ್ನೆಯ ಹಿಂದೆ ಒಂದು ಮನೆ ಇರಬಹುದು.